ರೋಮಿನ ಹಳೆಯ ದೇವರುಗಳಿಗೆ ಇಂದೂ ಪೂಜೆ ನಡೆಯುತ್ತಿದೆಯೇ?

ಪ್ರಶ್ನೆ: ನನ್ನ ಮಗಳು ಇಟಲಿಯ ಬೊಲೊನ್ಯಾದಲ್ಲಿ ಓದುತ್ತಿದ್ದಾಳೆ. ಅವಳ ಜೊತೆ ಮನೆ ಹಂಚಿಕೊಂಡಿರುವ ಅಲ್ಲಿಯದೇ ಹುಡುಗಿಯೊಬ್ಬಳು ಅಡುಗೆಮನೆಯ ಗೂಡಿನಲ್ಲಿ ಪುಟ್ಟ ಕಂಚಿನ ಮೂರ್ತಿ ಇಟ್ಟುಕೊಂಡಿದ್ದಾಳಂತೆ. ತಿಂಗಳ ಮೊದಲ ದಿನ ತಲೆಗೆ ಬಟ್ಟೆ ಹೊದ್ದು, ಧೂಪ ಹಾಕಿ, ವೈನ್ ಎರೆದು ಪ್ರಾರ್ಥಿಸುತ್ತಾಳಂತೆ. ಕೇಳಿದರೆ ‘ಇದು ನಮ್ಮ ಹಳೆಯ ರೋಮನ್ ಧರ್ಮ’ ಎನ್ನುತ್ತಾಳಂತೆ. ಆ ಧರ್ಮ ಎಂದೋ ಮುಗಿದುಹೋಯಿತೆಂದು ನಾವು ಓದಿದ್ದೆವು. ಇದು ನಿಜವಾದ ಧರ್ಮವೇ, ಇಲ್ಲ ವೇಷವೇ? ಅವರಿಗೆ ಗ್ರಂಥ, ಗುರು ಇದ್ದಾರೆಯೇ? ನೋಡಿದರೆ ನಮ್ಮ ಮನೆಯ ಪೂಜೆಯ ಹಾಗೇ ಇದೆ ಎನ್ನುತ್ತಾಳೆ ಮಗಳು. ಏಪ್ರಿಲ್ 21ರ ಹಬ್ಬಕ್ಕೆ ಅವಳನ್ನೂ ಕರೆದಿದ್ದಾರೆ. ಹೋಗಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಹೋಗಬಹುದು, ಸಂಕೋಚವಿಲ್ಲದೆ ಹೋಗಲಿ. ಅಲ್ಲಿ ಏನು ಮಾಡಬೇಕು, ಏನು ಗಮನಿಸಬೇಕು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ದೊಡ್ಡ ಪ್ರಶ್ನೆ. ಆ ಹುಡುಗಿ ಮಾಡುತ್ತಿರುವುದು ನಿಜವಾದ ಪೂಜೆಯೇ. ಆದರೆ ಅದು ತಲೆಮಾರಿನಿಂದ ತಲೆಮಾರಿಗೆ ಕೈದಾಟಿ ಬಂದದ್ದಲ್ಲ. ನಡುವೆ ಸಾವಿರದ ಐನೂರು ವರ್ಷಗಳ ಕಾಲ ನಿಂತುಹೋಗಿದ್ದನ್ನು, ಹಳೆಯ ಬರಹ ಮತ್ತು ಶಾಸನಗಳನ್ನು ಓದಿ ಮತ್ತೆ ಶುರುಮಾಡಿದ್ದು. ಇವೆರಡನ್ನೂ ಒಟ್ಟಿಗೆ ಒಪ್ಪಿಕೊಂಡರೆ ಈ ವಿಷಯದಲ್ಲಿ ಗೊಂದಲ ಉಳಿಯುವುದಿಲ್ಲ.

ಅದು ಹೇಗೆ ನಿಂತಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬಹಳ ಜನ ಅದು ತಾನಾಗಿ ಸವೆದು ಹೋಯಿತು ಎಂದುಕೊಂಡಿದ್ದಾರೆ. ಕ್ರಿ.ಶ. 361ರಿಂದ 363ರವರೆಗೆ ಆಳಿದ ಜೂಲಿಯನ್ ಚಕ್ರವರ್ತಿ ಹಳೆಯ ದೇವರುಗಳನ್ನು ಮತ್ತೆ ನಿಲ್ಲಿಸಲು ನೋಡಿದ. ಪರ್ಷಿಯಾದ ಯುದ್ಧದಲ್ಲಿ ಅವನು ಸತ್ತ ಮೇಲೆ ಆ ಪ್ರಯತ್ನವೂ ಮುಗಿಯಿತು. 382ರಲ್ಲಿ ಗ್ರೇಷಿಯನ್ ಚಕ್ರವರ್ತಿ ರೋಮಿನ ಸೆನೆಟ್ ಭವನದಲ್ಲಿದ್ದ ವಿಜಯದೇವತೆಯ ಬಲಿಪೀಠವನ್ನು ತೆಗೆಸಿದ, ಅರ್ಚಕ ಮಂಡಲಿಗಳಿಗೂ ಒಲೆಯ ಬೆಂಕಿಯ ದೇವಿ ವೆಸ್ಟಾಳ ಸೇವೆಯಲ್ಲಿದ್ದ ಕನ್ಯೆಯರಿಗೂ ಬರುತ್ತಿದ್ದ ಸರಕಾರಿ ಹಣವನ್ನು ನಿಲ್ಲಿಸಿದ. ಎರಡು ವರ್ಷಗಳ ನಂತರ ರೋಮ್ ನಗರದ ಅಧಿಪತಿ ಸಿಮ್ಮಾಕಸ್ ಆ ಪೀಠವನ್ನು ಮರಳಿ ಇಡಿಸಿ ಎಂದು ಮನವಿ ಬರೆದ. ಅಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಲ್ಲಿ ನಡೆದು ಮುಟ್ಟಲಾಗದು ಎಂಬುದು ಅದರಲ್ಲಿನ ಅವನ ವಾದ. ನನ್ನ ಮಟ್ಟಿಗೆ ಲ್ಯಾಟಿನ್‌ನಲ್ಲಿ ಬಹುದೇವತೆಗಳ ಪರವಾಗಿ ಯಾರೂ ಬರೆದಿರುವ ಅತ್ಯುತ್ತಮ ಮಾತು ಅದು. ಮಿಲಾನಿನ ಬಿಷಪ್ ಆಂಬ್ರೋಸ್ ಅದನ್ನು ಬಲವಾಗಿ ವಿರೋಧಿಸಿದ, ಪೀಠ ಮರಳಿ ಬರಲಿಲ್ಲ.

ಕೊನೆಯ ಪೆಟ್ಟು ಬಿದ್ದದ್ದು 392ರ ನವೆಂಬರ್ 8ರಂದು, ಥಿಯೊಡೋಸಿಯಸ್ ಚಕ್ರವರ್ತಿಯ ಕಾನೂನಿನಿಂದ. ಅದರ ಪಾಠ ಇಂದಿಗೂ ಉಳಿದಿದೆ. ಗುಡಿಗಳಲ್ಲಿ ಬಲಿ ಕೊಡಬಾರದು ಎಂದು ಹೇಳಿ ಅದು ಸುಮ್ಮನಾಗುವುದಿಲ್ಲ. ಮನೆಯೊಳಗೆ ಗುಟ್ಟಾಗಿ ಮನೆ ಕಾಯುವ ಲಾರ್ ದೇವರಿಗೆ ಬೆಂಕಿಯಿಂದ, ಯಜಮಾನನ ಜೀವಶಕ್ತಿಯಾದ ಗೆನಿಯಸ್‌ಗೆ ವೈನ್‌ನಿಂದ, ಉಗ್ರಾಣ ಕಾಯುವ ಪೆನಾತೆಸ್‌ಗೆ ಸುಗಂಧದಿಂದ ಪೂಜೆ ಸಲ್ಲಿಸಬಾರದು. ದೀಪ ಹಚ್ಚಬಾರದು, ಧೂಪ ಹಾಕಬಾರದು, ಹೂಮಾಲೆ ತೂಗಬಾರದು ಎಂದು ಒಂದೊಂದನ್ನೇ ಹೆಸರಿಸುತ್ತದೆ. ಧೂಪದ ಹೊಗೆ ಎದ್ದ ಜಾಗ ಧೂಪ ಹಾಕಿದವನದೇ ಆಗಿದ್ದರೆ ಅದು ಖಜಾನೆಗೆ ಸೇರುತ್ತದೆ. ಬೇರೆಯವರ ಜಾಗದಲ್ಲಿ ಬಲಿ ಕೊಟ್ಟು ಸಿಕ್ಕಿಬಿದ್ದರೆ 25 ಪೌಂಡ್ ಚಿನ್ನದ ದಂಡ. ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ಮರುದಿನ ನಿಲ್ಲಲಿಲ್ಲ. ಐದನೆಯ ಶತಮಾನದ ಕೊನೆಯಲ್ಲೂ ರೋಮಿನಲ್ಲಿ ಲೂಪರ್ಕಾಲಿಯಾ ಹಬ್ಬ ಯಾವುದೋ ರೂಪದಲ್ಲಿ ನಡೆಯುತ್ತಿತ್ತು, ಪೋಪ್ ಗೆಲೇಸಿಯಸ್ ಅದನ್ನು ಖಂಡಿಸಿ ಬರೆದದ್ದರಿಂದ ನಮಗೆ ಅದು ಗೊತ್ತು. ಆದರೂ ಅರ್ಚಕರ ಸಾಲು ಕಡಿಯಿತು, ಕಲಿಸುವವರು ಇಲ್ಲವಾದರು.

ಈಗ ಗ್ರಂಥದ ವಿಚಾರ. ರೋಮನ್ನರಿಗೆ ವೇದದಂಥ, ಬೈಬಲಿನಂಥ ಗ್ರಂಥ ಇರಲೇ ಇಲ್ಲ. ನಂಬಿಕೆಯ ಪ್ರಮಾಣವಚನವೂ ಇರಲಿಲ್ಲ. ಮಾಡಬೇಕಾದ್ದನ್ನು ಸರಿಯಾದ ದಿನ, ಸರಿಯಾದ ಮಾತಿನಲ್ಲಿ, ಸರಿಯಾದ ಕ್ರಮದಲ್ಲಿ ಮಾಡುವುದೇ ಅವರ ಧರ್ಮ. ದೇವರ ಬಗ್ಗೆ ನೀನು ಏನು ಯೋಚಿಸುತ್ತೀಯ ಎಂದು ಯಾರೂ ಕೇಳುತ್ತಿರಲಿಲ್ಲ. ಸಿಸೆರೊ ಶಕುನ ನೋಡುವ ಆಗರ್ ಮಂಡಲಿಯ ಸದಸ್ಯನಾಗಿದ್ದುಕೊಂಡೇ ಶಕುನವನ್ನು ತೀವ್ರವಾಗಿ ಪ್ರಶ್ನಿಸುವ ಪುಸ್ತಕ ಬರೆದ. ಆದರೆ ಸಾರ್ವಜನಿಕ ಪೂಜೆಯ ನಡುವೆ ಮಾತು ತಪ್ಪಿದರೆ ಇಡೀ ವಿಧಿಯನ್ನು ಮೊದಲಿನಿಂದ ಮಾಡಬೇಕಾಗುತ್ತಿತ್ತು. ಮಂತ್ರ ಹೇಳುವಾಗ ಅಪಶಬ್ದ ಕಿವಿಗೆ ಬೀಳದಿರಲಿ ಎಂದು ಪಕ್ಕದಲ್ಲಿ ಒಬ್ಬ ಕೊಳಲಿನವನು ಊದುತ್ತಲೇ ಇರುತ್ತಿದ್ದ.

ಹೀಗಾಗಿ ಈಗ ಮತ್ತೆ ಶುರುಮಾಡಿರುವವರಿಗೆ ಸಿಗುವುದು ಚೂರುಗಳು ಮಾತ್ರ. ಪ್ರಧಾನ ಅರ್ಚಕರ ಮಂಡಲಿಯ ಪುಸ್ತಕಗಳು ಕಳೆದುಹೋಗಿವೆ. ಮಾರ್ಸ್ ದೇವರ ಮುಂದೆ ಕುಣಿಯುತ್ತಿದ್ದ ಸಾಲಿಯರೆಂಬ ಅರ್ಚಕರ ಹಾಡಿನ ಕೆಲವು ಸಾಲುಗಳಷ್ಟೇ ಉಳಿದಿವೆ, ಅವು ಒಂದನೆಯ ಶತಮಾನದಲ್ಲೇ ಸ್ವತಃ ಆ ಅರ್ಚಕರಿಗೂ ಅರ್ಥವಾಗುತ್ತಿರಲಿಲ್ಲ ಎಂದು ಕ್ವಿಂಟಿಲಿಯನ್ ಬರೆದಿದ್ದಾನೆ. ಕವಿ ಓವಿಡ್ ಹಬ್ಬಗಳ ಬಗ್ಗೆ ಬರೆದ ದೀರ್ಘ ಕಾವ್ಯ ಜನವರಿಯಿಂದ ಜೂನ್‌ವರೆಗೆ ಬಂದು ನಿಂತುಬಿಡುತ್ತದೆ. ಹಾಗಾಗಿ ವರ್ಷದ ಮೊದಲರ್ಧದ ಹಬ್ಬಗಳ ಬಗ್ಗೆ ನಮಗೆ ಗೊತ್ತಿರುವಷ್ಟು ಎರಡನೆಯ ಅರ್ಧದ ಬಗ್ಗೆ ಗೊತ್ತಿಲ್ಲ. ಪಂಡಿತ ವಾರ್ರೊ ದೇವತೆಗಳ ಬಗ್ಗೆ ಬರೆದ ಮಹಾಗ್ರಂಥ ಹೋಗಿದೆ. ಅದರಲ್ಲಿ ಉಳಿದಿರುವ ಮಾತುಗಳಲ್ಲಿ ಬಹುಪಾಲು, ಅದನ್ನು ಖಂಡಿಸಲೆಂದೇ ಉದ್ಧರಿಸಿದ ಸಂತ ಆಗಸ್ಟೀನನ ಪುಟಗಳಲ್ಲಿವೆ. ಶತ್ರುವಿನ ಬರಹದಿಂದ ತಮ್ಮ ದೇವರ ಹೆಸರುಗಳನ್ನು ಆರಿಸಿಕೊಳ್ಳಬೇಕಾದ ಸ್ಥಿತಿ ಈ ಭಕ್ತರದು. ಅದನ್ನು ನೋಡಿದಾಗ ನನಗೆ ಅವರ ಬಗ್ಗೆ ನಿಜವಾಗಿ ಗೌರವ ಮೂಡುತ್ತದೆ.

ಎರಡು ಮೂಲಗಳು ಮಾತ್ರ ತುಂಬಿದ ಕಣಜದಂತಿವೆ. ಒಂದು, ಆರ್ವಲ್ ಸೋದರರೆಂಬ ಹನ್ನೆರಡು ಅರ್ಚಕರ ಮಂಡಲಿ ಕಲ್ಲಿನಲ್ಲಿ ಕೆತ್ತಿಸಿಟ್ಟ ನಡಾವಳಿ. ಯಾವ ದಿನ ಯಾರು ಬಂದರು, ಏನು ಅರ್ಪಿಸಿದರು, ತೋಪಿನಲ್ಲಿ ಮರವೊಂದು ಬಿದ್ದರೆ ಯಾವ ಶಾಂತಿ ಮಾಡಿದರು ಎಂಬುದೆಲ್ಲ ಅದರಲ್ಲಿದೆ. ಇನ್ನೊಂದು, ಕ್ರಿ.ಪೂ. ಎರಡನೆಯ ಶತಮಾನದ ಕೇಟೊ ಬರೆದ ಬೇಸಾಯದ ಪುಸ್ತಕ. ಗದ್ದೆಗೆ ಗೊಬ್ಬರ, ಆಲಿವ್ ಎಣ್ಣೆಯ ಗಾಣ, ಎತ್ತಿನ ಕಾಯಿಲೆಗೆ ಮದ್ದು ಇವುಗಳ ನಡುವೆಯೇ ಯಾವ ದೇವರಿಗೆ ಯಾವ ಮಾತು ಹೇಳಿ ಏನು ಇಡಬೇಕೆಂದು ಅವನು ಅಕ್ಷರಶಃ ಬರೆದಿಟ್ಟಿದ್ದಾನೆ. ತೋಪಿನ ಮರ ಕಡಿಯುವ ಮೊದಲು ಹೇಳಬೇಕಾದ ಪ್ರಾರ್ಥನೆ ‘ನೀನು ದೇವನಾಗಿರು, ದೇವಿಯಾಗಿರು, ಈ ಜಾಗ ಯಾರದೋ ಅವರಿಗೆ’ ಎಂಬರ್ಥದಲ್ಲಿ ಶುರುವಾಗುತ್ತದೆ. ತೋಪಿನಲ್ಲಿ ಯಾರಿದ್ದಾರೆಂದು ಗೊತ್ತಿಲ್ಲ, ಗೊತ್ತಿಲ್ಲದವರ ಅಪ್ಪಣೆಯನ್ನೂ ಕೇಳಬೇಕು. ನನಗೆ ರೋಮನ್ ಧರ್ಮದಲ್ಲಿ ಬಲು ಪ್ರಿಯವಾದ ಸಾಲು ಇದು.

ನಿಮ್ಮ ಮಗಳು ಕಂಡ ಗೂಡಿಗೆ ಬರುತ್ತೇನೆ. ಅದರ ಹೆಸರು ಲಾರಾರಿಯಂ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆಯಲ್ಲಿ ಇಂಥ ನೂರಾರು ಗೂಡುಗಳು ಸಿಕ್ಕಿವೆ, ಅನೇಕವು ಅಡುಗೆಮನೆಯಲ್ಲೇ ಇವೆ. ವೆಟ್ಟಿ ಸೋದರರ ಮನೆಯದು ಎಲ್ಲಕ್ಕಿಂತ ಪ್ರಸಿದ್ಧ. ಗುಡಿಯ ಮುಂಭಾಗದಂತೆ ಕಂಬ ನಿಲ್ಲಿಸಿದ ಚೌಕಟ್ಟಿನೊಳಗೆ ಚಿತ್ರವಿದೆ. ಎರಡೂ ಪಕ್ಕ ಕುಣಿಯುವ ಭಂಗಿಯ ಇಬ್ಬರು ತರುಣರು, ಎತ್ತಿ ಹಿಡಿದ ಕೊಂಬಿನಿಂದ ವೈನ್ ಚಿಮ್ಮಿಸುತ್ತಿದ್ದಾರೆ. ಇವರೇ ಲಾರೆಸ್, ಮನೆಯನ್ನೂ ಮನೆಯವರನ್ನೂ ಕಾಯುವವರು. ನಡುವೆ ತಲೆಯ ಮೇಲೆ ಟೋಗಾ ಎಂಬ ಹೊದಿಕೆ ಎಳೆದುಕೊಂಡು ಬಟ್ಟಲು ಹಿಡಿದು ನಿಂತವನು ಗೆನಿಯಸ್, ಮನೆಯ ಯಜಮಾನನ ಜೀವಶಕ್ತಿ. ಕೆಳಗೆ ದೊಡ್ಡ ಸರ್ಪವೊಂದು ನೈವೇದ್ಯವಿಟ್ಟ ಪುಟ್ಟ ಪೀಠದ ಕಡೆ ಹರಿದು ಬರುತ್ತಿದೆ. ಇವರ ಜೊತೆ ಉಗ್ರಾಣ ಕಾಯುವ ಪೆನಾತೆಸ್, ಒಲೆಯ ಬೆಂಕಿಯಾದ ವೆಸ್ಟಾ. ತಿಂಗಳ ಮೊದಲ ದಿನವಾದ ಕ್ಯಾಲೆಂಡ್ಸ್, ಐದು ಅಥವಾ ಏಳನೆಯ ದಿನದ ನೋನ್ಸ್, ಹದಿಮೂರು ಅಥವಾ ಹದಿನೈದರ ಐಡ್ಸ್, ಈ ಮೂರು ದಿನ ಒಲೆಯ ಮೇಲೆ ಹೂಮಾಲೆ ಇಟ್ಟು ಮನೆಯ ಲಾರ್‌ಗೆ ಪ್ರಾರ್ಥನೆ ಸಲ್ಲಿಸಬೇಕು ಎಂದು ಕೇಟೊ ಹೊಲದ ಮೇಸ್ತ್ರಿಯ ಹೆಂಡತಿಗೆ ಹೇಳುತ್ತಾನೆ. ಬೊಲೊನ್ಯಾದ ಹುಡುಗಿ ತಿಂಗಳ ಒಂದನೆಯ ತಾರೀಕನ್ನು ಆರಿಸಿಕೊಂಡಿರುವುದಕ್ಕೆ ಕಾರಣ ಇದೇ.

ವಿಧಿಯೂ ಬಹಳ ಸರಳ. ಕೈ ತೊಳೆಯುವುದು. ತಲೆಯ ಮೇಲೆ ಬಟ್ಟೆ ಎಳೆದುಕೊಳ್ಳುವುದು. ರೋಮನ್ ಪದ್ಧತಿಯಲ್ಲಿ ತಲೆ ಮುಚ್ಚಬೇಕು, ಗ್ರೀಕ್ ಪದ್ಧತಿಯಲ್ಲಿ ಮಾಡುವ ಅಪೊಲೊ, ಹರ್ಕ್ಯುಲಿಸ್‌ರ ಪೂಜೆಗೆ ತೆರೆದಿರಬೇಕು. ಎಲ್ಲ ಆರಂಭಗಳ ಒಡೆಯನಾದ ಜೇನಸ್‌ನನ್ನು ಮೊದಲು ನೆನೆಯುವುದು, ವೆಸ್ಟಾಳನ್ನು ಕೊನೆಗೆ. ನಡುವೆ ಯಾರಿಗೆ ಪೂಜೆಯೋ ಅವರನ್ನು ಕರೆದು, ಅಂಗೈಗಳನ್ನು ಆಕಾಶಕ್ಕೆ ತೆರೆದು, ಏನು ಕೊಡುತ್ತಿದ್ದೇನೆ, ಏನು ಬೇಡುತ್ತಿದ್ದೇನೆ ಎಂದು ಬಿಡಿಸಿ ಹೇಳುವುದು. ಕೆಂಡಕ್ಕೆ ಧೂಪ, ಬಟ್ಟಲಿನಿಂದ ವೈನ್. ಏನಾದರೂ ತಪ್ಪಿದ್ದರೆ ಮನ್ನಿಸಿ ಎಂದು ಕೊನೆಯಲ್ಲೊಂದು ಚಿಟಿಕೆ ಧೂಪ ಹೆಚ್ಚಾಗಿ ಹಾಕುವವರೂ ಇದ್ದಾರೆ. ಕೆಲವರು ಲ್ಯಾಟಿನ್‌ನಲ್ಲಿ ಹೇಳುತ್ತಾರೆ, ಕೆಲವರು ಇಟಾಲಿಯನ್ ಅಥವಾ ಇಂಗ್ಲಿಷ್‌ನಲ್ಲಿ.

ನೈವೇದ್ಯದಲ್ಲಿ ಎರಡನ್ನು ಹೇಳಲೇಬೇಕು. ಮೊದಲನೆಯದು ಲಿಬಂ ಎಂಬ ಗಿಣ್ಣಿನ (ಚೀಸ್) ರೊಟ್ಟಿ. ಕೇಟೊ ಅಳತೆ ಸಮೇತ ಕೊಟ್ಟಿದ್ದಾನೆ. ಎರಡು ಪೌಂಡ್ ಗಿಣ್ಣನ್ನು ಒರಳಿನಲ್ಲಿ ಚೆನ್ನಾಗಿ ಅರೆದು, ಒಂದು ಪೌಂಡ್ ಗೋಧಿಹಿಟ್ಟು, ಮೃದುವಾಗಬೇಕೆಂದರೆ ಅದರ ಬದಲು ಅರ್ಧ ಪೌಂಡ್ ನಯವಾದ ಹಿಟ್ಟು, ಒಂದು ಮೊಟ್ಟೆ ಸೇರಿಸಿ ನಾದಿ, ಎಲೆಯ ಮೇಲಿಟ್ಟು, ಬಿಸಿ ಒಲೆಯ ನೆಲದಲ್ಲಿ ಮಣ್ಣಿನ ಪಾತ್ರೆ ಕವುಚಿ ನಿಧಾನವಾಗಿ ಬೇಯಿಸಬೇಕು. ರೋಮಿನ ಪೌಂಡ್ ಸುಮಾರು 327 ಗ್ರಾಂ. ಈಗಿನವರು ರಿಕೊಟಾ ಗಿಣ್ಣು ಬಳಸಿ, ಕೆಳಗೆ ಲಾರೆಲ್ ಎಲೆ ಹಾಸಿ, ಓವನ್ನಿನಲ್ಲಿ ಬೇಯಿಸಿ ಮೇಲೆ ಜೇನು ಸುರಿಯುತ್ತಾರೆ.

ಎರಡನೆಯದು ಮೋಲಾ ಸಾಲ್ಸಾ, ಉಪ್ಪು ಬೆರೆಸಿದ ಪವಿತ್ರ ಹಿಟ್ಟು. ಹಿಂದೆ ಇದನ್ನು ವೆಸ್ಟಾಳ ಕನ್ಯೆಯರೇ ಮಾಡುತ್ತಿದ್ದರು. ಮೇ 7ರಿಂದ 14ರ ನಡುವೆ ದಿನ ಬಿಟ್ಟು ದಿನ, ಮೂವರು ಹಿರಿಯ ಕನ್ಯೆಯರು ತೆನೆಗಳನ್ನು ಬುಟ್ಟಿಯಲ್ಲಿ ತಂದು, ಹುರಿದು, ಕುಟ್ಟಿ, ಬೀಸಿಡುತ್ತಿದ್ದರು. ವರ್ಷಕ್ಕೆ ಮೂರು ಸಲ ಅದಕ್ಕೆ ಉಪ್ಪು ಬೆರೆಸಿ ಸಿದ್ಧಪಡಿಸುತ್ತಿದ್ದರು. ಬಲಿಯ ಪ್ರಾಣಿಯ ತಲೆಯ ಮೇಲೆ ಇದನ್ನು ಉದುರಿಸಿದರೇನೇ ಅದು ದೇವರಿಗೆ ಸಂದಂತೆ. ಆ ಧಾನ್ಯ ಫಾರ್, ಅಂದರೆ ಸಿಪ್ಪೆ ಬಿಡದ ಹಳೆಯ ತಳಿಯ ಗೋಧಿ. ನಮ್ಮ ಉತ್ತರ ಕರ್ನಾಟಕದಲ್ಲಿ ಇಂದಿಗೂ ಬೆಳೆಯುವ ಜವೆ ಗೋಧಿಯ ಜಾತಿಯೂ ಅದೇ. ನಿಮ್ಮ ಮಗಳು ರಜೆಗೆ ಬಂದು ಹೋಗುವಾಗ ಗೆಳತಿಗೆ ಒಂದು ಕಿಲೋ ಜವೆ ಗೋಧಿಯ ಹಿಟ್ಟು ಒಯ್ದರೆ ಆ ಹುಡುಗಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇರಲಾರದು.

ಪ್ರಾಣಿಬಲಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿರಬಹುದು. ಹಿಂದೆ ಸಾರ್ವಜನಿಕ ಪೂಜೆಯ ಕೇಂದ್ರವೇ ಅದಾಗಿತ್ತು. ಹಂದಿ, ಕುರಿ, ಹೋರಿ ಮೂರನ್ನೂ ಹೊಲದ ಸುತ್ತ ನಡೆಸಿ ಮಾರ್ಸ್‌ಗೆ ಅರ್ಪಿಸುವ ವಿಧಿಯನ್ನೂ ಕೇಟೊ ಬರೆದಿದ್ದಾನೆ. ಇಂದಿನ ಭಕ್ತರಲ್ಲಿ ಬಹುತೇಕರು ಅದನ್ನು ಕೈಬಿಟ್ಟಿದ್ದಾರೆ. ರೋಮಿನ ಎರಡನೆಯ ರಾಜ ನೂಮಾನ ಕಾಲದಲ್ಲಿ ಹಿಟ್ಟು, ವೈನ್‌ಗಳಿಂದಲೇ ಪೂಜೆ ನಡೆಯುತ್ತಿತ್ತು ಎಂದು ಪ್ಲುಟಾರ್ಕ್ ಹೇಳುವ ಐತಿಹ್ಯವನ್ನು ಅವರು ಆಧಾರವಾಗಿ ತೋರಿಸುತ್ತಾರೆ.

ಮನೆಯ ಪೂಜೆ ಹೀಗೆ ಮರಳಿ ಬರಬಹುದು, ಬಂದೂ ಇದೆ. ಆದರೆ ರೋಮನ್ ಧರ್ಮದ ದೊಡ್ಡ ಭಾಗ ರಾಜ್ಯದ್ದಾಗಿತ್ತು. ಗುಡಿ ಕಟ್ಟಿಸುವುದು ಸೆನೆಟ್, ಬಲಿ ಕೊಡುವುದು ರಾಜ್ಯದ ಮುಖ್ಯಾಧಿಕಾರಿಯಾದ ಕಾನ್ಸಲ್, ಯುದ್ಧಕ್ಕೆ ಹೊರಡುವ ಮೊದಲು ಶಕುನ ಕೇಳುವುದು ಸೇನಾಪತಿ, ಪಂಚಾಂಗ ನೋಡಿ ಯಾವ ದಿನ ನ್ಯಾಯಾಲಯ ಕೂಡಬಹುದು ಎನ್ನುವುದು ಅರ್ಚಕರ ಮಂಡಲಿ. ಚಕ್ರವರ್ತಿಯೇ ಪ್ರಧಾನ ಅರ್ಚಕ. ಟೈಬೀರಿಯಸ್‌ನ ಬೆಳ್ಳಿಯ ದೀನಾರಗಳ ಹಿಂಬದಿಯಲ್ಲಿ ಆ ಬಿರುದೇ ಕೆತ್ತಿದೆ, ಅವು ಮೆಣಸು ಮುತ್ತುಗಳ ಬೆಲೆಯಾಗಿ ದಕ್ಷಿಣ ಭಾರತಕ್ಕೆ ರಾಶಿ ರಾಶಿ ಬಂದವು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. ಆ ರೋಮನ್ ರಾಜ್ಯವೇ ಇಲ್ಲದಿರುವಾಗ ರಾಜ್ಯದ ಪೂಜೆಯನ್ನು ಯಾರು, ಯಾರ ಪರವಾಗಿ ಮಾಡುವುದು? ಪುನರುಜ್ಜೀವನಕ್ಕೆ ಕೈ ಹಾಕಿದ ಪ್ರತಿಯೊಬ್ಬರೂ ಈ ಪ್ರಶ್ನೆಯಲ್ಲಿ ಸಿಲುಕಿದ್ದಾರೆ, ಕೆಲವರು ಅಪಾಯಕಾರಿಯಾದ ಉತ್ತರವನ್ನೂ ಹುಡುಕಿಕೊಂಡಿದ್ದಾರೆ.

ಮೊದಲ ಪ್ರಯತ್ನಗಳು ಹದಿನೈದನೆಯ ಶತಮಾನದವು. ರೋಮಿನಲ್ಲಿ ಪೊಂಪೊನಿಯೊ ಲೇತೊ ಎಂಬ ವಿದ್ವಾಂಸ ಗೆಳೆಯರ ಮಂಡಲಿ ಕಟ್ಟಿ, ಎಲ್ಲರೂ ಹಳೆಯ ರೋಮನ್ ಹೆಸರಿಟ್ಟುಕೊಂಡು, ರೋಮ್ ನಗರದ ಹುಟ್ಟುಹಬ್ಬವನ್ನು ಆಚರಿಸುತ್ತಿದ್ದ. 1468ರಲ್ಲಿ ಪೋಪ್ ಎರಡನೆಯ ಪಾಲ್ ಈ ಮಂಡಲಿಯವರನ್ನು ಪಿತೂರಿ ಮತ್ತು ಅನ್ಯದೇವತೆಗಳ ಆರಾಧನೆಯ ಆರೋಪದ ಮೇಲೆ ಹಿಡಿಸಿ ಸಂತ ಆಂಜೆಲೊ ಕೋಟೆಯಲ್ಲಿ ಕೂಡಿಹಾಕಿಸಿದ. ರೋಮಿನ ನೆಲಮಾಳಿಗೆಯ ಸಮಾಧಿಗಳ ಗೋಡೆಯಲ್ಲಿ ಲೇತೊನನ್ನು ಪ್ರಧಾನ ಅರ್ಚಕ ಎಂದು ಕರೆದ ಗೀಚುಬರಹ ಮುಂದೆ ಸಿಕ್ಕಿತು. ಅವರು ನಿಜವಾಗಿ ಪೂಜಿಸುತ್ತಿದ್ದರೋ, ವಿದ್ವಾಂಸರ ಉತ್ಸಾಹವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ನನಗನ್ನಿಸುವಂತೆ ಅವರಲ್ಲೇ ಎರಡೂ ಬಗೆಯವರಿದ್ದಿರಬೇಕು.

ಆಧುನಿಕ ಕಥೆ ಶುರುವಾಗುವುದು ಗುದ್ದಲಿಯಿಂದ. ಪುರಾತತ್ವಜ್ಞ ಜಾಕೊಮೊ ಬೋನಿ 1899ರಲ್ಲಿ ಹಳೆಯ ರೋಮಿನ ನಡುಚೌಕವಾದ ರೋಮನ್ ಫೋರಂನಲ್ಲಿ ಕಪ್ಪು ಕಲ್ಲಿನ ಹಾಸನ್ನೂ ಅದರ ಕೆಳಗಿನ ಪ್ರಾಚೀನ ಶಾಸನವನ್ನೂ ಹೊರತೆಗೆದ. ಪುಸ್ತಕದ ಕಥೆಗಳೆಂದುಕೊಂಡಿದ್ದ ರಾಜರ ಕಾಲದ ಧರ್ಮ ಮಣ್ಣಿನಿಂದ ಎದ್ದು ಬಂತು. 1925ರಲ್ಲಿ ತೀರಿಕೊಂಡಾಗ ಬೋನಿಯನ್ನು ಪ್ಯಾಲಟೈನ್ ಗುಡ್ಡದ ಮೇಲೆಯೇ ಹೂಳಿದರು. ಅದೇ ಕಾಲದಲ್ಲಿ ಫ್ಲಾರೆನ್ಸಿನ ಅರ್ತೂರೊ ರೆಗಿನಿ ಎಂಬ ಗಣಿತಜ್ಞ, ಪೈಥಾಗೊರಸ್‌ನ ಅನುಯಾಯಿ, ಇಟಲಿ ತನ್ನ ಹಳೆಯ ದೇವರುಗಳ ಬಳಿಗೆ ಮರಳಬೇಕೆಂದು 1914ರಿಂದಲೇ ಬರೆಯತೊಡಗಿದ. 1927-28ರಲ್ಲಿ ಜೂಲಿಯಸ್ ಎವೋಲಾ ಜೊತೆ ‘ಉರ್’ ಎಂಬ ಪತ್ರಿಕೆಯಲ್ಲಿ ದುಡಿದ, ನಂತರ ಇಬ್ಬರಿಗೂ ಕಹಿಯಾಗಿ ಬೇರೆಯಾದರು. ಮುಸೊಲಿನಿಯ ರಾಜ್ಯದಲ್ಲಿ ಹಳೆಯ ರೋಮ್ ಮತ್ತೆ ಹುಟ್ಟುತ್ತದೆಂಬ ಆಸೆ ಈ ವಲಯದಲ್ಲಿ ಅನೇಕರಿಗಿತ್ತು. 1929ರ ಫೆಬ್ರುವರಿ 11ರಂದು ಮುಸೊಲಿನಿ ಚರ್ಚಿನೊಡನೆ ಲ್ಯಾಟರನ್ ಒಪ್ಪಂದಕ್ಕೆ ಸಹಿ ಹಾಕಿದಾಗ ಆ ಆಸೆ ನೆಲಕಚ್ಚಿತು.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಎವೋಲಾ ಜನಾಂಗಶ್ರೇಷ್ಠತೆಯನ್ನು ಪ್ರತಿಪಾದಿಸಿದವನು. ಅವನ ಬರಹ ಯೂರೋಪಿನ ತೀವ್ರ ಬಲಪಂಥೀಯರ ಕೈಪಿಡಿಯಾಗಿ ಇಂದಿಗೂ ಓಡಾಡುತ್ತಿದೆ. ರೋಮನ್ ದೇವರ ಹೆಸರು ಹೇಳುವ ಗುಂಪುಗಳಲ್ಲಿ ಅಲ್ಲಲ್ಲಿ ಆ ನೆರಳು ಬಿದ್ದಿದೆ. ಹಾಗೆಂದು ಧೂಪ ಹಾಕುವವರೆಲ್ಲ ಅವನ ಶಿಷ್ಯರೆಂದು ತಿಳಿಯುವುದು ದೊಡ್ಡ ಅನ್ಯಾಯ. ಪ್ರಾಚೀನ ರೋಮ್ ರಕ್ತಶುದ್ಧಿಯ ನಾಡಾಗಿರಲಿಲ್ಲ. ಕ್ರಿ.ಪೂ. 204ರಲ್ಲಿ ಏಷ್ಯಾ ಮೈನರಿನಿಂದ ಮಹಾಮಾತೆಯನ್ನು ಕಪ್ಪು ಕಲ್ಲಿನ ರೂಪದಲ್ಲಿ ಹಡಗಿನಲ್ಲಿ ತರಿಸಿಕೊಂಡು ಪ್ಯಾಲಟೈನ್ ಮೇಲೆ ನೆಲೆಗೊಳಿಸಿದ ಊರು ಅದು. ಮುತ್ತಿಗೆ ಹಾಕಿದ ಊರಿನ ದೇವರನ್ನೇ ‘ನಮ್ಮಲ್ಲಿಗೆ ಬಾ, ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತೇವೆ’ ಎಂದು ಕರೆಯುವ ವಿಧಿ ಅವರಲ್ಲಿತ್ತು. ಬಿಡುಗಡೆಯಾದ ಗುಲಾಮನೂ ನಾಗರಿಕನಾಗುತ್ತಿದ್ದ. ಗಲ್ಲಿಗಲ್ಲಿಯ ಲಾರ್ ಗುಡಿಗಳ ಸೇವೆಯಲ್ಲಿದ್ದವರು ಹೆಚ್ಚಾಗಿ ಬಿಡುಗಡೆಯಾದ ಗುಲಾಮರೇ. ಆ ಧರ್ಮದ ಹೆಸರಲ್ಲಿ ಪರದೇಶದವರನ್ನು ದೂರವಿಡುವವನು ಆ ಧರ್ಮವನ್ನು ಓದಿಲ್ಲ.

ಯುದ್ಧದ ನಂತರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1980ರ ದಶಕದಲ್ಲಿ ಇಟಲಿಯಲ್ಲಿ ರೋಮನ್ ಸಂಪ್ರದಾಯ ಚಳವಳಿ ಎಂಬ ಸಂಘಟನೆ ಹುಟ್ಟಿ ಮನೆಮನೆಯ ಪೂಜೆಗೆ ಒತ್ತು ಕೊಟ್ಟಿತು. 1998ರಲ್ಲಿ ಅಮೆರಿಕದಲ್ಲಿ ನೋವಾ ರೋಮಾ ಶುರುವಾಯಿತು. ಅಂತರ್ಜಾಲದಲ್ಲೇ ಒಂದು ಗಣರಾಜ್ಯ ಕಟ್ಟಿ, ಸದಸ್ಯರಿಗೆ ಪೌರತ್ವ, ಮೂರು ಭಾಗದ ರೋಮನ್ ಹೆಸರು, ಚುನಾಯಿತ ಕಾನ್ಸಲ್, ಸೆನೆಟ್, ಅರ್ಚಕ ಮಂಡಲಿ ಎಲ್ಲವನ್ನೂ ಏರ್ಪಡಿಸಿತು. ರಾಜ್ಯವಿಲ್ಲದೆ ರಾಜ್ಯದ ಪೂಜೆ ಹೇಗೆ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. ನನ್ನ ಅಭಿಪ್ರಾಯದಲ್ಲಿ ಆ ಉತ್ತರ ನಿಲ್ಲುವುದಿಲ್ಲ: ತೆರಿಗೆ, ಸೈನ್ಯ, ನೆಲ, ನ್ಯಾಯಾಲಯ ಇಲ್ಲದೆ ಕಾನ್ಸಲ್‌ನ ಬಲಿಗೆ ಅರ್ಥ ಸಿಗದು. ಆದರೆ ಊರೂರಲ್ಲಿ ಒಬ್ಬೊಬ್ಬರೇ ಚದುರಿದ್ದ ಭಕ್ತರು ಪರಸ್ಪರ ಪರಿಚಯವಾಗಿ, ಪ್ರಾರ್ಥನೆಯ ಪಾಠಗಳನ್ನೂ ಪಂಚಾಂಗವನ್ನೂ ಹಂಚಿಕೊಂಡದ್ದು ಇಂಥ ಸಂಘಟನೆಗಳಿಂದಲೇ, ಅದು ಸಣ್ಣ ಕೆಲಸವಲ್ಲ. ಇಟಲಿಯಲ್ಲಿ ಪಿಯೆತಾಸ್ ಎಂಬ ಸಂಘ ರೋಮಿನ ಹೊರವಲಯದಲ್ಲಿ ದೇವರಾಜ ಜೂಪಿಟರ್‌ಗೆ ಪುಟ್ಟ ಗುಡಿಯನ್ನೇ ಕಟ್ಟಿದೆ. ಅಲ್ಲಿನ ಸರಕಾರ ಧರ್ಮಸಂಸ್ಥೆಗಳ ಜೊತೆ ಮಾಡಿಕೊಳ್ಳುವ ವಿಶೇಷ ಒಪ್ಪಂದ 2012ರ ಕಾನೂನಿನಿಂದ ಹಿಂದೂಗಳಿಗೂ ಬೌದ್ಧರಿಗೂ ದೊರೆತಿದೆ, ಜೂಪಿಟರ್‌ನ ಭಕ್ತರಿಗೆ ದೊರೆತಿಲ್ಲ.

ಹಾಗಾದರೆ ಗುರು? ಪರಂಪರೆಯ ಗುರು ಯಾರೂ ಇಲ್ಲ. ‘ನಮ್ಮ ಮನೆತನದಲ್ಲಿ ಗುಟ್ಟಾಗಿ ಎಡೆಬಿಡದೆ ಉಳಿಸಿಕೊಂಡು ಬಂದಿದ್ದೇವೆ’ ಎನ್ನುವವರು ಇಟಲಿಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತಾರೆ. ಅದಕ್ಕೆ ಪುರಾವೆಯಿಲ್ಲ. ಅಂಥ ಮಾತಿನ ಹಿಂದೆ ದೀಕ್ಷೆಯ ಶುಲ್ಕವೋ, ಪ್ರಶ್ನೆ ಕೇಳದ ಶಿಷ್ಯರ ಹುಡುಕಾಟವೋ ಇದ್ದರೆ ನಿಮ್ಮ ಮಗಳು ದೂರವಿರಲಿ. ಪ್ರಾಮಾಣಿಕ ಭಕ್ತರನ್ನು ಗುರುತಿಸುವುದು ಸುಲಭ. ‘ಇದು ಕೇಟೊನಲ್ಲಿದೆ, ಇದು ಪಾಂಪೆಯ ಗೋಡೆಯಲ್ಲಿದೆ, ಇದನ್ನು ಮಾತ್ರ ನಾನೇ ಜೋಡಿಸಿಕೊಂಡಿದ್ದೇನೆ’ ಎಂದು ಬೇರ್ಪಡಿಸಿ ಹೇಳುತ್ತಾರೆ.

ನಮ್ಮ ಪೂಜೆಗೂ ಅದಕ್ಕೂ ಸಂಬಂಧ ಇದೆಯೇ ಎಂದಿರಿ. ಭಾಷೆಗಳ ಮಟ್ಟದಲ್ಲಿ ದೂರದ ನಂಟಿದೆ: ಜೂಪಿಟರ್ ಮತ್ತು ವೇದದ ದ್ಯೌಷ್ಪಿತೃ ಒಂದೇ ಬೇರಿನ ಹೆಸರುಗಳು ಎಂಬುದನ್ನು ವಿದ್ವಾಂಸರು ಒಪ್ಪುತ್ತಾರೆ. ಆದರೆ ಧೂಪ, ದೀಪ, ಹೂವು, ನೈವೇದ್ಯ ಕಂಡ ಕೂಡಲೇ ಅದು ನಮ್ಮಿಂದ ಹೋದದ್ದು ಎನ್ನಬೇಡಿ. ಬೇರೆ ಬೇರೆ ನೆಲದ ಜನ ತಮ್ಮ ದೇವರನ್ನು ಅತಿಥಿಯಂತೆ ಉಪಚರಿಸುವಾಗ ಕೈಗೆ ಸಿಗುವುದು ಇವೇ. ವ್ಯತ್ಯಾಸಗಳೂ ದೊಡ್ಡವು. ರೋಮನ್ ಪೂಜೆಯಲ್ಲಿ ಮೋಕ್ಷದ ಮಾತಿಲ್ಲ, ಪುನರ್ಜನ್ಮವಿಲ್ಲ, ಭಕ್ತಿಯಲ್ಲಿ ಕರಗುವುದೂ ಇಲ್ಲ. ದೇವರು ಮತ್ತು ಮನುಷ್ಯ ಒಂದೇ ಊರಿನ ಸಹವಾಸಿಗಳು, ಪರಸ್ಪರ ಕೊಟ್ಟು ತೆಗೆದುಕೊಂಡು ಸೌಹಾರ್ದ ಕಾಪಾಡಿಕೊಳ್ಳಬೇಕು, ಅಷ್ಟೇ. ಅತಿಯಾದ ಭಾವಾವೇಶವನ್ನು ರೋಮನ್ನರು ಭಯದ ಲಕ್ಷಣವೆಂದು ಕೀಳಾಗಿ ಕಾಣುತ್ತಿದ್ದರು. ನಿಮ್ಮ ಮಗಳಿಗೆ ಆ ಹುಡುಗಿಯ ಪ್ರಾರ್ಥನೆ ತುಸು ಶುಷ್ಕವಾಗಿ ಕಂಡರೆ, ಅದು ಶ್ರದ್ಧೆಯ ಕೊರತೆಯಲ್ಲ, ಆ ಧರ್ಮದ ಗುಣವೇ ಹಾಗೆ.

ಏಪ್ರಿಲ್ 21 ಪರಿಲಿಯಾ ಹಬ್ಬ. ಮೂಲದಲ್ಲಿ ಕುರಿಗಾಹಿಗಳದು, ಪಾಲೆಸ್ ಎಂಬ ದೇವತೆಗೆ ರಾಗಿಯಂಥ ಕಿರುಧಾನ್ಯದ ರೊಟ್ಟಿ, ಬೆಚ್ಚಗಿನ ಹಾಲು ಇಟ್ಟು, ಹಟ್ಟಿಗೆ ಹಸಿರು ತೋರಣ ಕಟ್ಟಿ, ಹುಲ್ಲಿನ ಬೆಂಕಿ ಹಾಕಿ ಅದರ ಮೇಲೆ ಹಾರುತ್ತಿದ್ದರು. ತಾನೂ ಹಾರಿದ್ದೇನೆ ಎಂದು ಓವಿಡ್ ಬರೆದಿದ್ದಾನೆ. ಅದೇ ದಿನ ರೊಮುಲಸ್ ರೋಮ್ ನಗರಕ್ಕೆ ಅಡಿಪಾಯ ಹಾಕಿದನೆಂಬ ನಂಬಿಕೆಯಿಂದ ಅದು ಊರಿನ ಹುಟ್ಟುಹಬ್ಬವೂ ಆಯಿತು. ಆ ಹೊತ್ತಿಗೆ ರೋಮಿನ ಸರ್ಕಸ್ ಮ್ಯಾಕ್ಸಿಮಸ್ ಬಯಲಿನಲ್ಲಿ ಸೈನಿಕರ, ಸೆನೆಟರುಗಳ, ವೆಸ್ಟಾ ಕನ್ಯೆಯರ ಉಡುಪಿನಲ್ಲಿ ದೊಡ್ಡ ಮೆರವಣಿಗೆ ನಡೆಯುತ್ತದೆ. ಅದನ್ನು ನಡೆಸುವವರು ಇತಿಹಾಸವನ್ನು ಅಭಿನಯಿಸಿ ತೋರಿಸುವ ಹವ್ಯಾಸಿ ತಂಡಗಳು. ಅವರಲ್ಲಿ ಹೆಚ್ಚಿನವರಿಗೆ ಅದು ಪೂಜೆಯಲ್ಲ, ಹಾಗೆಂದು ಅವರೂ ಹೇಳಿಕೊಳ್ಳುವುದಿಲ್ಲ. ವೇಷ ಎಂದು ನೀವು ಕೇಳಿದ್ದು ಇದಕ್ಕೆ ಹೊಂದುತ್ತದೆ, ಗೂಡಿನ ಮುಂದೆ ನಿಂತ ಹುಡುಗಿಗಲ್ಲ.

ಗೆಳತಿಯ ಮನೆಯ ಹಬ್ಬವಾದರೆ ಮಗಳು ಹಾಲನ್ನೋ ಹೂವನ್ನೋ ಒಯ್ಯಲಿ, ಎರಡೂ ಸಲ್ಲುತ್ತವೆ. ಒಳಗೆ ಹೋಗುವ ಮುನ್ನ ಕೈ ತೊಳೆಯಲಿ, ಪ್ರಾರ್ಥನೆಯ ನಡುವೆ ಮಾತಾಡದಿರಲಿ. ದುಪಟ್ಟಾ ಇದ್ದರೆ ತಲೆಗೆ ಹೊದ್ದುಕೊಳ್ಳಲಿ. ಮತಾಂತರ, ದೀಕ್ಷೆ, ಪ್ರತಿಜ್ಞೆ ಯಾವುದೂ ಇರುವುದಿಲ್ಲ. ತನ್ನ ಮನೆದೇವರನ್ನು ಮನಸ್ಸಿನಲ್ಲಿ ನೆನೆದರೂ ಯಾರೂ ಆಕ್ಷೇಪಿಸುವುದಿಲ್ಲ. ದೇವರ ಪಾಲು ಬೆಂಕಿಗೆ ಸಂದ ಮೇಲೆ ಪೂಜೆ ಮಾಡಿದವರು ಉಳಿದ ಲಿಬಂ ಅನ್ನು ಮುಟ್ಟಿ ಹಂಚುತ್ತಾರೆ, ಧಾರಾಳವಾಗಿ ತಿನ್ನಬಹುದು. ಮೊಟ್ಟೆ ತಿನ್ನದವಳಾದರೆ ಮೊದಲೇ ತಿಳಿಸಲಿ. ಆದರೆ ಫೆಬ್ರುವರಿ 13ರಿಂದ 21ರವರೆಗಿನ ಪಿತೃಗಳ ದಿನಗಳಲ್ಲೋ ಮೇ ತಿಂಗಳ ಲೆಮೂರಿಯಾದಲ್ಲೋ ಕರೆದರೆ, ಅಲ್ಲಿ ಸತ್ತವರಿಗೂ ಪಾತಾಳದ ದೇವರಿಗೂ ಇಟ್ಟದ್ದನ್ನು ಬದುಕಿರುವವರು ತಿನ್ನುವುದಿಲ್ಲ, ಎಲ್ಲವೂ ಅವರಿಗೇ ಬಿಟ್ಟದ್ದು. ಆ ದಿನಗಳಲ್ಲಿ ತಟ್ಟೆಯಲ್ಲಿರುವುದನ್ನು ಕೇಳದೆ ಬಾಯಿಗಿಡಬಾರದು.